ನಡುಮನೆಯ ಉಪ್ಪುನೀರು

2022 ನವೆಂಬರ್ 6, ಭಾನುವಾರ

ನೂರು ಲೀಟರಿನ ತೊಟ್ಟಿಗೆ ಇವತ್ತು ಉಪ್ಪು ಬಿತ್ತು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಮೂರೂವರೆ ಕೆಜಿ. ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿದ ಕಡಲುಪ್ಪಿನ ಮಿಶ್ರಣ. ನೀರೂ ನಲ್ಲಿಯದಲ್ಲ, ಆರ್‌ಓದ್ದು. ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ 1.025 ತೋರಿಸಿದ ಮೇಲೆ ಕಲ್ಲು ಜೋಡಿಸಿದೆ.

ನವೆಂಬರ್ 20

ಮೀನಿಲ್ಲದ ತೊಟ್ಟಿಗೆ ಯಾಕೋ ಇಷ್ಟು ಕರೆಂಟು ಅಂತ ಅಮ್ಮ. ಅಮೋನಿಯವನ್ನು ನೈಟ್ರೈಟ್ ಮಾಡುವ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಗಳು ಕಲ್ಲಿನ ತೂತುಗಳಲ್ಲಿ ನೆಲೆಯಾಗುವವರೆಗೆ ಮೀನು ಬಿಟ್ಟರೆ ಅದು ತನ್ನ ಗಲೀಜಿನ ವಿಷಕ್ಕೇ ಸಾಯುತ್ತದೆ ಎಂದೆ. ಆರಿದ ನೀರಿಗೆ ಬದಲಾಗಿ ಸಿಹಿನೀರು ಸುರಿಯುವುದನ್ನು ನೋಡಿ, ನಾನು ವಿವರಿಸುವ ಮೊದಲೇ, "ಸಾರು ಬತ್ತಿದರೆ ಉಪ್ಪಾಗುತ್ತಲ್ಲ, ಹಾಗೆ" ಅಂದರು.

ಡಿಸೆಂಬರ್ 17, ಶನಿವಾರ

ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ. ಆರು ವಾರ ಕಾದದ್ದು ಸಾರ್ಥಕ. ಎರಡು ಕ್ಲೌನ್‌ಫಿಶ್ ತಂದೆ. ಕಿತ್ತಳೆ ಮೈ, ಮೂರು ಬಿಳಿ ಪಟ್ಟಿ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡವು. ಕಡಲಲ್ಲಿ ಹಿಡಿದವಲ್ಲ, ತೊಟ್ಟಿಯಲ್ಲೇ ಮರಿಯಾದವು. ಮಂಡಪಂ, ವಿಳಿಂಜಂಗಳಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಮೀನುಗಳ ಮರಿ ಮಾಡಿಸಿದ್ದಾರೆಂದು ಓದಿದಾಗಿನಿಂದ ಇಂಥವನ್ನೇ ಹುಡುಕುತ್ತಿದ್ದೆ. ಹಾಕಿದ ಕಾಳು ತಕ್ಷಣ ತಿಂದವು.

2023 ಏಪ್ರಿಲ್ 9

ಆಮೇಲೆ ತಂದಿದ್ದ ಮ್ಯಾಂಡರಿನ್ ಮೀನು ಸತ್ತುಹೋಯಿತು. ನೀಲಿಯ ಮೇಲೆ ಕಿತ್ತಳೆ ಬಳ್ಳಿ ಬರೆದಂಥ ಮೈ. ಕಂಡ ಕೂಡಲೇ ಮನಸ್ಸು ತಡೆಯಲಿಲ್ಲ. ಏನು ಕೊಟ್ಟರೂ ತಿನ್ನುತ್ತದೆ ಎಂದಿದ್ದರು ಅಂಗಡಿಯಲ್ಲಿ. ಅದು ಕಲ್ಲಿನ ಮೇಲೆ ಹರಿದಾಡುವ ಕೋಪೆಪಾಡ್ ಎಂಬ ಸಣ್ಣ ಜೀವಿಗಳನ್ನು ದಿನವಿಡೀ ಹೆಕ್ಕಿ ಬದುಕುವ ಮೀನು. ನಾಲ್ಕು ತಿಂಗಳ ತೊಟ್ಟಿಯಲ್ಲಿ ಅವು ಎಷ್ಟಿದ್ದಾವು? ಮೂರು ವಾರದಲ್ಲಿ ಹೊಟ್ಟೆ ಒಳಕ್ಕೆ ಹೋಯಿತು. ಸುತ್ತ ಕಾಳು ತೇಲುತ್ತಿತ್ತು. ಯಾವುದೋ ಹವಳದಿಬ್ಬದಿಂದ ಕಿತ್ತು ತಂದ ಜೀವ. ಓದಿಕೊಂಡು ತರಬೇಕಿತ್ತು. ತಪ್ಪು ನನ್ನದು.

ಜೂನ್ 2

ರಾತ್ರಿ ಮಳೆಗೆ ಕರೆಂಟು ಹೋಯಿತು, ಪಂಪ್ ನಿಂತಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದವು. ಚೊಂಬಿನಲ್ಲಿ ನೀರೆತ್ತಿ ಮೇಲಿನಿಂದ ಸುರಿದೆ. ನಾನೊಂದಷ್ಟು ಹೊತ್ತು, ಅಮ್ಮ ಒಂದಷ್ಟು ಹೊತ್ತು, ಬೆಳಗಿನ ಜಾವ ನಾಲ್ಕರವರೆಗೆ. ಎರಡೂ ಉಳಿದವು.

2024 ಜುಲೈ 14, ಭಾನುವಾರ

ಮೊಟ್ಟೆ! ಕಲ್ಲಿನ ಮಗ್ಗುಲಿಗೆ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಕಣಗಳು. ಈ ಮೀನುಗಳು ಮೊದಲು ಗಂಡಾಗಿಯೇ ಬಲಿತು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಸಣ್ಣದು ಊಟ ಬಿಟ್ಟು ರೆಕ್ಕೆಯಿಂದ ಗಾಳಿ ಬೀಸಿದಂತೆ ಮೊಟ್ಟೆಗಳಿಗೆ ನೀರು ಬೀಸುತ್ತಿದೆ. ಬಾಯಿಂದ ಒಂದೊಂದನ್ನೂ ಒರೆಸುತ್ತದೆ.

ಜುಲೈ 22

ಬೆಳಿಗ್ಗೆ ಮೊಟ್ಟೆಗಳಲ್ಲಿ ಬೆಳ್ಳಿಯ ಕಣ್ಣು ಕಂಡಿತ್ತು. ದೀಪ ಆರಿಸಿ ಕೂತೆವು. ಒಂದು ಗಂಟೆಯ ನಂತರ ಟಾರ್ಚಿನಲ್ಲಿ ನೋಡಿದರೆ ಕಲ್ಲು ಬರಿದು, ನೀರು ತುಂಬ ಎಳೆಯ ಗೆರೆಗಳು. ಮರಿಗಳಿಗೆ ತಿನ್ನಿಸಲು ರೋಟಿಫರ್ ಎಂಬ ಸೂಕ್ಷ್ಮ ಜೀವಿಗಳು ನನ್ನಲ್ಲಿಲ್ಲ.

ಜುಲೈ 25

ಒಂದೂ ಉಳಿಯಲಿಲ್ಲ. ಹದಿನೈದು ದಿನಕ್ಕೊಮ್ಮೆ ಮತ್ತೆ ಇಡುತ್ತವಂತೆ. ರೋಟಿಫರ್‌ಗೆ ಆಹಾರವಾಗುವ ಪಾಚಿಯನ್ನು ಬಕೆಟ್‌ನಲ್ಲಿ ಬೆಳೆಸಲು ಶುರುಮಾಡಿದ್ದೇನೆ. ಅಡುಗೆಮನೆಯ ಕಿಟಕಿ ಪಕ್ಕ ಬಿಸಿಲು ಚೆನ್ನಾಗಿ ಬೀಳುತ್ತದೆಂದು, ಅಮ್ಮ ತಮ್ಮ ಕರಿಬೇವಿನ ಕುಂಡ ಅಲ್ಲಿಂದ ಸರಿಸಿಕೊಟ್ಟರು.