ಅಂಗಿ ಎತ್ತುವ ಮೊದಲು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ತಂಡದ ಗಾಡಿ ಬಂದ ದಿನ ನಮ್ಮ ಶಾಲೆಯಲ್ಲಿ ಅರ್ಧ ದಿನ ಪಾಠವಿಲ್ಲ. ಹೊಸನಗರ ತಾಲ್ಲೂಕಿನ ಒಳಗಿನ ಊರು ನಮ್ಮದು. ಇಬ್ಬರು ವೈದ್ಯರು, ಒಬ್ಬರು ನರ್ಸ್, ಒಬ್ಬರು ಫಾರ್ಮಾಸಿಸ್ಟ್ ಜಗಲಿಯಲ್ಲಿ ಬೆಂಚು ಹಾಕಿಕೊಂಡು ಕೂತರೆಂದರೆ ಮಕ್ಕಳ ಸಾಲು ಅಂಗಳದ ತುದಿಯವರೆಗೆ ಹೋಗುತ್ತದೆ. ತೂಕ, ಎತ್ತರ ಮುಗಿದ ಮೇಲೆ ರಕ್ತ ಕಮ್ಮಿ ಇದೆಯೇ ಎಂದು ಕೆಳರೆಪ್ಪೆ ಜಗ್ಗಿ ನೋಡುತ್ತಾರೆ. ಗಳಗಂಡಕ್ಕೆ ಕುತ್ತಿಗೆ ಮುಟ್ಟುತ್ತಾರೆ. ಹಲ್ಲು, ಕಿವಿ, ಚರ್ಮ, ಆಮೇಲೆ ಎದೆ. ಎದೆಯ ಸರದಿ ಬಂದಾಗ "ಅಂಗಿ ಎತ್ತು ಮರಿ" ಎಂಬ ಮಾತು ವೈದ್ಯರಿಗಿಂತ ಮೊದಲೇ ನನ್ನ ಬಾಯಿಂದ ಬಂದಿರುತ್ತದೆ. ಬಿಸಿಯೂಟದ ಗಂಟೆಯೊಳಗೆ ಮುಗಿಯಬೇಕು, ತಂಡಕ್ಕೆ ಮಧ್ಯಾಹ್ನ ಇನ್ನೊಂದು ಶಾಲೆ ಇದೆ. ಅಂಗಿ ಎತ್ತಿದ ಹುಡುಗನ ಹಿಂದೆ ಇಡೀ ಸಾಲು ನಿಂತಿರುತ್ತದೆ. ಯಾವನೋ ಒಬ್ಬ ಅವನ ಪಕ್ಕೆಲುಬು ಎಣಿಸಿ ನಗುತ್ತಾನೆ.

ಈ ಸಾಲಿನ ಪಕ್ಕ ವರ್ಷವರ್ಷವೂ ನಿಂತವಳು ನಾನು. ಮಕ್ಕಳನ್ನು ಒಂದು ಮಾತು ಕೇಳಬೇಕಿತ್ತಲ್ಲ ಎಂದು ಅನ್ನಿಸತೊಡಗಿದ್ದು ನನ್ನ ಸ್ವಂತ ಮಗಳು ಹತ್ತರ ಹೊಸ್ತಿಲಿಗೆ ಬಂದ ಮೇಲೆ. ಇದನ್ನು ಬರೆಯುವಾಗ ನನ್ನೊಳಗಿನ ತಾಯಿ ಮತ್ತು ಟೀಚರ್ ಒಂದೇ ಅಳತೆಗೋಲು ಹಿಡಿದಿಲ್ಲ ಎಂಬುದು ಕಾಣುತ್ತಿದೆ.

ಮೊದಲೇ ಹೇಳಿಬಿಡುತ್ತೇನೆ, ತಪಾಸಣೆ ಬೇಡ ಎನ್ನುವ ಪೈಕಿ ನಾನಲ್ಲ. 2013ರಲ್ಲಿ ಶುರುವಾದ ಈ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಸುಮಾರು 30 ಬಗೆಯ ತೊಂದರೆಗಳನ್ನು ಹುಡುಕುತ್ತದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ತಂಡ ಬರಬೇಕು. ಗಂಟಲು ನೋವೆಂದು ನಾವು ಕಷಾಯ ಕುಡಿಸಿ ಮರೆತುಬಿಟ್ಟ ಸೋಂಕು ಕೆಲವು ಮಕ್ಕಳಲ್ಲಿ ಮುಂದೆ ಕೀಲುವಾತ ಜ್ವರವಾಗಿ ಹೃದಯದ ಕವಾಟವನ್ನೇ ಕೆಡಿಸುತ್ತದೆ. ಹೊರಗಿನಿಂದ ಮಗು ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಅದು ಗೊತ್ತಾಗುವುದು ಬರಿ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಗಮನವಿಟ್ಟು ಕೇಳಿದಾಗ. ಸ್ವೆಟರಿನ ಮೇಲಿಂದ ಇಟ್ಟು ತೆಗೆದರೆ ತಪಾಸಣೆಯ ಕಾಗದ ತುಂಬೀತು, ಮಗುವಿಗೆ ಉಪಯೋಗವಿಲ್ಲ.

ಮುಜುಗರದ ಜಾಗಗಳಲ್ಲಂತೂ ನೋಡದೆ ಬಿಡುವುದೇ ಅಪಾಯ. ತಿಂಗಳು ತುಂಬಿ ಹುಟ್ಟಿದ ಗಂಡುಮಕ್ಕಳಲ್ಲೂ ನೂರಕ್ಕೆ ಸುಮಾರು ಮೂವರಿಗೆ ಬೀಜ ಕೆಳಗಿಳಿದಿರುವುದಿಲ್ಲ. ಹೆಚ್ಚಿನವರಿಗೆ ಕೆಲವೇ ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಆರು ತಿಂಗಳಾದರೂ ಇಳಿಯದಿದ್ದರೆ ಶಸ್ತ್ರಚಿಕಿತ್ಸೆ ಬೇಕು, ಅದನ್ನು ಒಂದೂವರೆ ವರ್ಷದೊಳಗೆ ಮಾಡಿಸುವುದು ಒಳ್ಳೆಯದು. ತಡವಾದರೆ ಮುಂದೆ ಮಕ್ಕಳಾಗುವುದಕ್ಕೆ ತೊಡಕು, ಕ್ಯಾನ್ಸರಿನ ಸಾಧ್ಯತೆಯೂ ಹೆಚ್ಚು. ಇದನ್ನು ಪೋಷಕರ ಸಭೆಯಲ್ಲಿ ಗಟ್ಟಿಯಾಗಿ ಹೇಳಲು ನನಗೇ ಬಾಯಿ ಬರುತ್ತಿರಲಿಲ್ಲ. ಗಂಡಸರಿಗೆ ಗಂಡಸರು ಹೇಳಲಿ ಎಂದು ಹೆಡ್ ಮಾಸ್ತರರಿಗೆ ಬಿಡುತ್ತಿದ್ದೆ, ಅವರು ನರ್ಸಮ್ಮನಿಗೆ ಬಿಡುತ್ತಿದ್ದರು. ಹೀಗೆ ಕೈಯಿಂದ ಕೈಗೆ ದಾಟಿದ ಮಾತು ಅಪ್ಪ ಅಮ್ಮಂದಿರವರೆಗೆ ಮುಟ್ಟಿದ್ದನ್ನು ನಾನು ಕಂಡಿಲ್ಲ.

ಮಗಳನ್ನು ತೀರ್ಥಹಳ್ಳಿಯಲ್ಲಿ ಒಬ್ಬ ಹಿರಿಯ ಮಕ್ಕಳ ಡಾಕ್ಟರ ಹತ್ತಿರ ತೋರಿಸುತ್ತೇವೆ. ಅಲ್ಲಿ ಬಾಗಿಲಿದೆ, ಪರದೆ ಇದೆ, ಮಂಚದ ಪಕ್ಕ ನನಗೊಂದು ಕುರ್ಚಿಯೂ ಇದೆ. ಈಚೆಗೆ ಹೋದಾಗ ಅವರು ಎಂದಿನಂತೆ ಹೊಟ್ಟೆ ಒತ್ತಿ ನೋಡಿದರು, ಬೆನ್ನಿನ ಕಡೆಯಿಂದ ಉಸಿರು ಕೇಳಿದರು. ಅವರ ನಡತೆಯಲ್ಲಿ ಎತ್ತಿ ಆಡುವಂಥದ್ದು ಏನೂ ಇರಲಿಲ್ಲ. ಆದರೂ ನಾನು ಅವರ ಕೈಯನ್ನೇ ನೋಡುತ್ತ ಕುಳಿತಿದ್ದೆ. ಮಗಳು ಡಾಕ್ಟರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಸರಿಯಾ ಅಮ್ಮಾ ಎಂಬ ಪ್ರಶ್ನೆ ಆ ಕಣ್ಣಲ್ಲಿತ್ತು. ನಾನು ತಲೆಯಾಡಿಸಿದೆ. ಕೂಡಲೇ ಅವಳ ಹೊಟ್ಟೆಯ ಬಿಗಿ ಸಡಿಲಾಯಿತು. ಡಾಕ್ಟರೂ ಅದನ್ನು ಗಮನಿಸಿ "ಈಗ ಸರಿಯಾಯ್ತು ನೋಡು" ಎಂದರು.

ಅವಳ ಮೈಯ ಬಗ್ಗೆ ತೀರ್ಮಾನವಾದದ್ದು ನನ್ನ ತಲೆಯ ಒಂದು ಅಲುಗಾಟದಲ್ಲಿ. ದಾರಿಯುದ್ದಕ್ಕೂ ನನ್ನ ಆತಂಕವನ್ನು ಮಗುಚಿ ನೋಡಿಕೊಂಡೆ. ಅದು ಯಾರ ಸಲುವಾಗಿ ಹುಟ್ಟಿದ್ದು? ಅವಳಿಗೆ ನೋವಾದೀತು ಎಂದೋ, ನಾಳೆ ಏನಾದರೂ ಆದರೆ 'ತಾಯಿ ಪಕ್ಕದಲ್ಲೇ ಇದ್ದಳಂತೆ' ಎಂದು ಊರು ಆಡಿಕೊಂಡೀತು ಎಂದೋ? ಎರಡೂ ಇತ್ತು. ಎರಡನೆಯದು ನಾನು ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು.

ತಾಯಿ ಪಕ್ಕದಲ್ಲಿದ್ದರೆ ಸಾಕು ಎಂಬ ನನ್ನ ನಂಬಿಕೆಯನ್ನು ಅಲುಗಾಡಿಸಿದ್ದು ಅಮೆರಿಕದ ಒಂದು ಪ್ರಕರಣ. ಅಲ್ಲಿನ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಲ್ಲಿ ವರ್ಷಾನುಗಟ್ಟಲೆ ಹುಡುಗಿಯರನ್ನು ಪೀಡಿಸಿದ. 2018ರ ಜನವರಿಯಲ್ಲಿ ಮಿಷಿಗನ್‌ನ ನ್ಯಾಯಾಲಯ ಅವನಿಗೆ 40ರಿಂದ 175 ವರ್ಷಗಳ ಶಿಕ್ಷೆ ಕೊಟ್ಟಿತು. ಅದಕ್ಕೂ ಮೊದಲು 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ಅವನೆದುರು ನಿಂತು ತಮಗಾದದ್ದನ್ನು ಹೇಳಿದರು. ಎಷ್ಟೋ ಸಲ ಅಮ್ಮನೋ ಅಪ್ಪನೋ ಅದೇ ಕೋಣೆಯಲ್ಲಿದ್ದರು. ಅವನು ತನ್ನ ಮೈಯನ್ನೇ ಅಡ್ಡ ಇಟ್ಟುಕೊಂಡು ಅವರಿಗೆ ಕಾಣದಂತೆ ಮಾಡುತ್ತಿದ್ದ. ಏನು ನೋಡುತ್ತಿದ್ದಾರೆ, ಏಕೆ ನೋಡುತ್ತಿದ್ದಾರೆ ಎಂದು ತಿಳಿಯದ ತಾಯಿ ಕೋಣೆಯಲ್ಲಿದ್ದೂ ಕಾವಲಾಗಲಾರಳು. ನಾನು ಆ ದಿನ ಡಾಕ್ಟರ ಕೈ ನೋಡುತ್ತಿದ್ದೆನೇ ಹೊರತು, ಹೊಟ್ಟೆ ಒತ್ತಿ ಏನು ಹುಡುಕುತ್ತೀರಿ ಎಂದು ಕೇಳಿರಲಿಲ್ಲ. ಕೇಳಿದ್ದರೆ ಅವರು ಸಂತೋಷದಿಂದ ಹೇಳುತ್ತಿದ್ದರು.

ಕಾನೂನು ನನ್ನ ತಲೆಯಾಡಿಸುವಿಕೆಗೆ ಬೆಲೆ ಕೊಡುತ್ತದೆ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ 41ನೇ ಕಲಂ, ತಂದೆತಾಯಿ ಅಥವಾ ಪೋಷಕರ ಒಪ್ಪಿಗೆಯಿಂದ ಮಾಡುವ ವೈದ್ಯಕೀಯ ಪರೀಕ್ಷೆ, ಚಿಕಿತ್ಸೆಗಳನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಡುತ್ತದೆ. ಅದು ಇರಲೇಬೇಕಾದ ಕಲಂ, ಇಲ್ಲದಿದ್ದರೆ ಯಾವ ವೈದ್ಯರೂ ಮಗುವನ್ನು ಮುಟ್ಟುವಂತಿಲ್ಲ. ಆದರೆ ಅಲ್ಲಿ ಮಗುವಿನ ಮಾತಿಗೆ ಜಾಗವಿಲ್ಲ. 1992ರಲ್ಲಿ ಭಾರತ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿನ ಅಭಿಪ್ರಾಯವನ್ನು ಅದರ ವಯಸ್ಸು, ಬಲಿತ ಬುದ್ಧಿಗೆ ತಕ್ಕಂತೆ ಪರಿಗಣಿಸಬೇಕು ಎನ್ನುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇನ್ನೂ ಸ್ಪಷ್ಟ: ಮಗುವನ್ನು ಸಂಶೋಧನೆಗೆ ಸೇರಿಸಿಕೊಳ್ಳುವುದಾದರೆ ಏಳು ವರ್ಷ ದಾಟಿದ ಮಗುವಿನ ಬಾಯಿಮಾತಿನ ಸಮ್ಮತಿ, ಹನ್ನೆರಡು ದಾಟಿದರೆ ಬರಹದ ಸಮ್ಮತಿ ಬೇಕು. ಸಂಶೋಧಕ ಬಂದರೆ ನನ್ನ ಮೂರನೇ ಕ್ಲಾಸಿನ ಹುಡುಗನನ್ನು ಕೇಳಬೇಕು. ಜಗಲಿಯ ಬೆಂಚಿನ ಮುಂದೆ ಅವನನ್ನು ಕೇಳಬೇಕೆಂದು ನನಗೇ ತೋಚಿರಲಿಲ್ಲ.

ತೋಚದೆ ಇರುವುದಕ್ಕೆ ಕಾರಣ ಮನೆಯಲ್ಲೇ ಇದೆ. ಮಂಗನ ಕಾಯಿಲೆಯ ಸೀಮೆ ನಮ್ಮದು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ವೈರಸ್ಸು ಉಣುಗಿನಿಂದ ಹರಡುತ್ತದೆ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮತ್ತೆ ಎದ್ದಾಗ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ತಾಯಂದಿರಿಗೆ ನಿದ್ದೆ ಇರಲಿಲ್ಲ. ಸೊಪ್ಪಿನ ಬೆಟ್ಟಕ್ಕೆ, ತೋಟಕ್ಕೆ ಹೋಗಿಬಂದ ಮಕ್ಕಳನ್ನು ಬಚ್ಚಲಿಗೆ ಎಳೆದು, ಕಂಕುಳು, ತೊಡೆಸಂದು, ಮೊಣಕಾಲ ಹಿಂದೆ, ಕಿವಿಯ ಹಿಂದೆ ಎಂದು ಅಂಗುಲ ಅಂಗುಲ ನೋಡುತ್ತೇವೆ. ಸಾಗರದ ನನ್ನ ತವರಿನಲ್ಲಿ ಅಜ್ಜಿ ನನ್ನನ್ನು ನೋಡಿದ್ದು ಹಾಗೆಯೇ, ನಾನು ಮಗಳನ್ನು ನೋಡುತ್ತ ಬಂದದ್ದೂ ಹಾಗೆಯೇ. ಎಳ್ಳಿಗಿಂತ ಸಣ್ಣ ಮರಿ ಉಣುಗು ಕಣ್ಣು ತಪ್ಪಿದರೆ ಎಂಬ ಹೆದರಿಕೆಯಲ್ಲಿ ಕೇಳುವುದೆಲ್ಲಿ ಬಂತು?

ಹೋದ ಬೇಸಿಗೆಯಲ್ಲಿ ಮಗಳು ಬಚ್ಚಲ ಬಾಗಿಲಲ್ಲಿ ನನ್ನನ್ನು ತಡೆದಳು. "ಅಮ್ಮಾ, ನಾನೇ ನೋಡ್ಕಳ್ತೆ. ಬೆನ್ನು ಮಾತ್ರ ನೀನು ನೋಡು." ನನಗೆ ಸಿಟ್ಟು ಬಂತು, ನಿಜ. ಅರ್ಧ ನಿಮಿಷ ಬಾಗಿಲಲ್ಲೇ ನಿಂತೆ. ಆಮೇಲೆ ಗೋಡೆಯ ಕನ್ನಡಿ ತೆಗೆದುಕೊಟ್ಟು, ಎಲ್ಲೆಲ್ಲಿ ನೋಡಬೇಕು, ಕಚ್ಚಿದ್ದು ಹೇಗೆ ಕಾಣುತ್ತದೆ, ಕಿತ್ತು ಹಿಂಡಬಾರದು ಎಂದೆಲ್ಲ ಹೊರಗಿನಿಂದ ಹೇಳಿದೆ. ಒಳಗಿನಿಂದ ಒಂದೊಂದೇ ಜಾಗದ ಹೆಸರು ಹೇಳಿ "ಇಲ್ಲ" ಎನ್ನುತ್ತ ಹೋದಳು. ಕೊನೆಗೆ ಟವೆಲ್ ಸುತ್ತಿಕೊಂಡು ಬಂದು ಬೆನ್ನು ತಿರುಗಿಸಿ ನಿಂತಳು. ಭುಜದ ಕೆಳಗೆ ಒಂದು ಸಿಕ್ಕಿತು. ಅವಳು ಕೇಳಿಕೊಂಡದ್ದರಿಂದ ತಪಾಸಣೆ ಕೆಟ್ಟಿರಲಿಲ್ಲ. ಎಲ್ಲಿ ಏನು ನೋಡಬೇಕೆಂದು ಅವಳಿಗೇ ಗೊತ್ತಾಯಿತು.

ಇಷ್ಟನ್ನೂ ನಾನು ಮಗಳಿಗಾಗಿ ಯೋಚಿಸಿದೆ. ಅವಳಿಗಿರುವ ಪರದೆ ಜಗಲಿಯ ಸಾಲಿಗೆ ಏಕಿಲ್ಲ ಎಂಬ ಪ್ರಶ್ನೆಗೆ ನನ್ನನ್ನು ಎಳೆದು ತಂದದ್ದು ನಮ್ಮ ಶಾಲೆಯ ಒಬ್ಬ ತಾಯಿ. ಅವರದು ಹಂದಿಗೋಡು ಕಾಯಿಲೆ ಇರುವ ಮನೆತನ. ಸಾಗರದ ಪಕ್ಕದ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಹೊರಜಗತ್ತಿನ ಗಮನಕ್ಕೆ ಬಂದ ಆ ಕಾಯಿಲೆ ಸೊಂಟ, ಮಂಡಿಗಳ ಕೀಲನ್ನು ಸವೆಸುತ್ತದೆ. ಕೆಲವರ ಬೆನ್ನುಮೂಳೆ ಬಾಗುತ್ತದೆ, ಕೆಲವರು ಗಿಡ್ಡವಾಗಿಯೇ ಉಳಿಯುತ್ತಾರೆ. ನರಳಿದವರು ಬಹುಪಾಲು ಛಲವಾದಿ, ಚನ್ನಂಗಿ ಸಮುದಾಯದ ಕೂಲಿಕಾರರು. ಗದ್ದೆಯ ಏಡಿ ತಿಂದದ್ದಕ್ಕೆ, ಗದ್ದೆಗೆ ಹೊಡೆದ ಕೀಟನಾಶಕಕ್ಕೆ ಹೀಗಾಯಿತೆಂದು ಮೊದಲು ಅನುಮಾನಪಟ್ಟರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1978ರಲ್ಲಿ ಇದನ್ನು ಮಲೆನಾಡಿನಲ್ಲಿ ಕುಟುಂಬಗಳೊಳಗೆ ಬರುವ ಸಂಧಿವಾತವೆಂದು ಬರೆದರು. ವಂಶದಲ್ಲೇ ಇಳಿದುಬರುವ ಮೂಳೆಯ ದೋಷ, ತಂದೆತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಎಂಬುದು ಮುಂದಿನ ಅಧ್ಯಯನಗಳಲ್ಲಿ ಖಚಿತವಾಯಿತು. ಆ ಅಧ್ಯಯನಗಳು ಬೇಕಾಗಿದ್ದವು. ಏಡಿಯ ಮೇಲಿನ ಅಪವಾದ ಕಳೆದದ್ದೂ ಅವುಗಳಿಂದಲೇ.

ತಪಾಸಣೆಗೆ ಮಗನನ್ನು ಕಳಿಸುವುದಿಲ್ಲ ಎಂದು ಆ ತಾಯಿ ಹೇಳಿಕಳಿಸಿದಾಗ, ತಿಳಿವಳಿಕೆ ಇಲ್ಲದೆ ಹೀಗೆ ಎಂದುಕೊಂಡೇ ಅವರ ಮನೆಗೆ ಹೋದೆ. ಅವರು ಚಾಪೆ ಹಾಸಿ ಕೂರಿಸಿ ನಿಧಾನವಾಗಿ ಹೇಳಿದರು: "ನಾನು ಸಣ್ಣೋಳಿದ್ದಾಗ ಯಾರ್ಯಾರೋ ಬರೋರು ಅಕ್ಕೋರೆ. ಎಲ್ಲಿಯೋರು ಏನು ಗೊತ್ತಿಲ್ಲ. ಲಂಗ ಮ್ಯಾಲೆತ್ತಿ ನಡಿ ಅನ್ನೋರು, ನಡೀತಿದ್ವಿ. ಅಳತೆ ತಗೊಳೋರು, ಫೋಟೋ ಹೊಡ್ಯೋರು. ಕೇರಿಯೋರೆಲ್ಲ ನಿಂತು ನೋಡೋರು. ಏನು ಕಂಡ್ತು ಅಂತ ತಿರುಗಿ ಬಂದು ಹೇಳ್ದೋರು ಒಬ್ರಿಲ್ಲ." ಮಗನ ನಡಿಗೆ ಈಗ ಚೆನ್ನಾಗಿದೆ. ಅವನನ್ನು ಜಗಲಿಯಲ್ಲಿ ಎಲ್ಲರೆದುರು ನಡೆಸಿ ನೋಡುವುದು ಆಕೆಗೆ ಬೇಡ.

ತೀರ್ಥಹಳ್ಳಿಯ ಕ್ಲಿನಿಕ್ಕಿನಲ್ಲಿ ನಾನು ಕಾವಲು ಕೂತಾಗ ಅದು ತಾಯಿಯ ಎಚ್ಚರಿಕೆ ಎನ್ನಿಸಿಕೊಳ್ಳುತ್ತದೆ. ಈಕೆ ಬೇಡ ಎಂದರೆ ತಿಳಿವಳಿಕೆ ಇಲ್ಲದವಳು ಎಂದು ನನ್ನ ಮನಸ್ಸೇ ಹೇಳಿತ್ತು. ತೋಟ, ಸಂಬಳ, ಜಾತಿ ಇವೆಲ್ಲ ಸೇರಿ ನನಗೆ ಕೊಟ್ಟ ಪರದೆಯನ್ನು ನಾನು ಸಂಸ್ಕಾರ ಎಂದುಕೊಂಡಿದ್ದೆ. ಈ ಒಂದು ವಿಷಯದಲ್ಲಿ ನನ್ನ ಬಗ್ಗೆ ನನಗಿದ್ದ ಅಭಿಪ್ರಾಯ ಬದಲಾಗಿದೆ.

ಆಮೇಲಿನ ತಪಾಸಣೆಗೆ ನಲಿ-ಕಲಿ ಕೋಣೆಯಲ್ಲಿ ಹಗ್ಗ ಕಟ್ಟಿ ಎರಡು ಹಳೆಯ ಸೀರೆ ಇಳಿಬಿಟ್ಟೆವು. ತಂಡದ ಲೇಡಿ ಡಾಕ್ಟರು ಕೋಣೆ ನೋಡಿ "ಎಲ್ಲಾ ಶಾಲೇಲೂ ಹಿಂಗಿದ್ರೆ ನಮಗೂ ಸಲೀಸು ಮೇಡಂ" ಎಂದರು. ಹೆಣ್ಣುಮಕ್ಕಳನ್ನು ಅವರು ನೋಡಿದರು, ಗಂಡುಮಕ್ಕಳನ್ನು ಇನ್ನೊಬ್ಬ ಡಾಕ್ಟರು ನೋಡಿದರು. ಹಿಂದಿನ ದಿನ ಎಲ್ಲ ಕ್ಲಾಸಿಗೂ ಹೋಗಿ ಏನೇನು ನೋಡುತ್ತಾರೆ, ಏಕೆ ಎಂದು ಹೇಳಿದ್ದೆ. ಆರನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು "ನಾನು ಬೇಡ ಅಂದ್ರೆ ಮೇಡಂ?" ಎಂದ. ಬೇಡದ್ದನ್ನು ಅಲ್ಲಿಗೇ ಬಿಡುತ್ತಾರೆ, ಅಪ್ಪನ ಜೊತೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬಹುದು ಎಂದೆ. ಮರುದಿನ ಅವನು ಹಲ್ಲು, ಕಣ್ಣು ತೋರಿಸಿ ಎದೆ ಬೇಡವೆಂದ. ಇನ್ನೂ ತೋರಿಸಿಲ್ಲ, ಅದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಅವನ ಅಪ್ಪನಿಗೆ ಫೋನು ಮಾಡುತ್ತಲೇ ಇದ್ದೇನೆ. ಮಕ್ಕಳನ್ನು ಕೇಳುತ್ತ ಕೂತರೆ ಕೆಲಸ ಆದ ಹಾಗೆಯೇ ಎನ್ನುವ ಸಹೋದ್ಯೋಗಿಗಳ ಮಾತಿನಲ್ಲಿ ಹುರುಳಿದೆ. ಆ ಮಾತನ್ನು ನಾನು ತಳ್ಳಿಹಾಕಲಾರೆ. ಬಲವಂತಕ್ಕೆ ಮರಳಲೂ ಆರೆ.

ಚಾಪೆ ಹಾಸಿ ಕೂರಿಸಿದ್ದ ಆ ತಾಯಿ ಮಗನನ್ನು ಕಳಿಸಿದರು, ತಾವೂ ಬಂದು ಸೀರೆಯ ಒಳಗೆ ನಿಂತರು. ಹೋಗುವಾಗ ಹೇಳಿದ್ದು: "ಕೇಳಿದ್ರಿ, ಒಳ್ಳೇದಾಯ್ತು. ನೋಡಿದ್ಮೇಲೆ ಏನು ಕಂಡ್ತು ಅಂತ ಬರ್ದೂ ಕೊಡಿ ಅಕ್ಕೋರೆ." ಅದಕ್ಕೇ ಈ ವರ್ಷ ಪ್ರತಿ ಮನೆಗೂ ಒಂದು ಚೀಟಿ ಹೋಗುತ್ತಿದೆ. ಮುಂಭಾಗದಲ್ಲಿ ಏನೇನು ನೋಡುತ್ತಾರೆ, ಏಕೆ ಎಂಬುದು ಮತ್ತು ಪೋಷಕರ ಸಹಿ. ಹಿಂಭಾಗದಲ್ಲಿ ಕಂಡದ್ದೇನು, ಮುಂದೆ ಎಲ್ಲಿಗೆ ಹೋಗಬೇಕು ಎಂಬುದು. ಮಗುವಿನ ಸಹಿಗೂ ಒಂದು ಗೆರೆ ಬಿಡಬೇಕೇ ಎಂಬುದನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ ಮುಂದಕ್ಕೆ ಹಾಕಿದೆ. ಬಿಡಬೇಕು ಎಂದು ನಾನು ಬರೆದುಕೊಟ್ಟಿದ್ದೇನೆ.