ಎಳ್ಳ ಅಮಾಸಿ ರಾತ್ರಿಯ ಲೆಕ್ಕ

2022ರಲ್ಲಿ ಎಳ್ಳ ಅಮಾವಾಸ್ಯೆ ಜನವರಿ 2ಕ್ಕೆ, ಭಾನುವಾರವೇ ಬಂದಿತ್ತು. ಬೆಳಿಗ್ಗೆ ಭಾಲ್ಕಿ ಕಡೆಯ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಂಡು ಸಂಜೆಗೆ ಚಿದ್ರಿಯ ಮನೆಗೆ ಮರಳಿದ್ದೆವು. ಬೀದರಿನ ಚಳಿ ಗೊತ್ತಲ್ಲ. ಕತ್ತಲಾಗುತ್ತಲೇ ಅಪ್ಪ ಅಂಗಳದಲ್ಲಿ ತೊಗರಿ ಕಟಗಿ ಒಟ್ಟಿ ಬೆಂಕಿ ಹಾಕಿದ. ಎಲ್ಲರೂ ಕೈ ಕಾಯಿಸುತ್ತ ಕೂತಾಗ ಅಕ್ಕ ಮಾತು ತೆಗೆದಳು: “ನಾ ನೌಕರಿ ಬಿಡ್ತೀನಿ. ಎಂಬಿಎ ಓದ್ಲಾಕ ಇಂಗ್ಲೆಂಡಿಗೆ ಹೊಂಟೀನಿ.”

ಅವಳಿಗೆ ಆಗ 36. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಒಳ್ಳೆಯ ಪಗಾರ. ಕೊರೊನಾದಿಂದಾಗಿ ನಮ್ಮ ಚಿದ್ರಿಯ ಮನೆಯಿಂದಲೇ ಕೆಲಸ. ಬೀದರಿನ ವಾಯುಪಡೆ ನೆಲೆಯ ತರಬೇತಿ ವಿಮಾನ ಗುಡುಗುತ್ತ ಹೋದಾಗಲೆಲ್ಲ ಮೀಟಿಂಗಿನ ನಡುವೆ ಮ್ಯೂಟ್ ಒತ್ತಿ ಕೂರುತ್ತಿದ್ದಳು. “ಏನು ಮಾಡಬೇಕು ಅನ್ನೋದು ಬ್ಯಾರೆ ಯಾರೋ ಠರಾಯಿಸ್ತಾರ. ಯಾವಾಗ ಮುಗಸ್ತಿ ಅಂತ ಅಷ್ಟೇ ನನಗ ಕೇಳ್ತಾರ. ಆ ಠರಾಯಿಸೋ ಕೋಣಿಯೊಳಗ ನಾನೂ ಕೂಡಬೇಕು.”

“ಈ ವಯಸ್ಸಿನ್ಯಾಗ ಸಾಲಿ ಏನವ್ವ?” ಎಂದಳು ಅವ್ವ.

ಪಕ್ಕದ ಮನೆಯ ನಿವೃತ್ತ ಮಾಸ್ತರರು ಅಕ್ಕನ ಪಕ್ಷ ಹಿಡಿದರು: “ಮಹಮೂದ್ ಗವಾನ್ ಇರಾನಿನ ಗಿಲಾನ್ ಬಿಟ್ಟು ಬೀದರಿಗೆ ಬಂದಾಗ ನಲವತ್ತು ದಾಟಿದ್ದ. ವ್ಯಾಪಾರಕ್ಕಂತ ಬಂದವ ಬಹಮನಿ ಸುಲ್ತಾನರ ವಜೀರ ಆದ, 1472ರಾಗ ಮದರಸಾ ಕಟ್ಟಿಸಿದ.”

“1481ರಾಗ ಅವನ ತಲಿ ತೆಗೆಸಿದ್ರಲ್ಲ, ಅದೂ ಹೇಳ್ರಿ ಮಾಸ್ತರ,” ಎಂದ ಅಪ್ಪ. ಬೆಂಕಿಯ ಸುತ್ತ ನಗೆ ಹಬ್ಬಿತು. ಆಮೇಲೆ ಅವನೇ ಕೇಳಿದ: “ಖರ್ಚೆಷ್ಟು?”

ಅಕ್ಕ ಲೆಕ್ಕ ಮಾಡಿಯೇ ಕೂತಿದ್ದಳು. ಫೀ 60,000 ಪೌಂಡಿನ ಆಸುಪಾಸು. ಪೌಂಡಿಗೆ ಆಗ ಸುಮಾರು 100 ರೂಪಾಯಿ. ಇರೋದು, ಉಣ್ಣೋದು ಬೇರೆ. ಅಮೆರಿಕ ಏಕಲ್ಲ ಅಂದರೆ, ಅಲ್ಲಿ ಎಂಬಿಎ ಸಾಮಾನ್ಯವಾಗಿ 2 ವರ್ಷ, ಇಂಗ್ಲೆಂಡಿನಲ್ಲಿ 1. ಆಗತಾನೇ ಡಿಗ್ರಿ ಮುಗಿಸಿದ ಹುಡುಗನಿಗೆ ಫೀ ಕಟ್ಟಿದರೆ ಮುಗಿಯಿತು. ನೌಕರಿಯಲ್ಲಿ ಬೇರೂರಿದವಳಿಗೆ ಬಾರದೆ ಹೋಗುವ ಪಗಾರವೂ ಖರ್ಚೇ.

ಅಪ್ಪನಿಗೆ ಇದು ತಟ್ಟನೆ ತಿಳಿಯಿತು. “ಮುಂಗಾರಿಗೆ ಬಿತ್ತದೇ ಹೊಲ ಬಿಟ್ಟು ಹಿಂಗಾರಿಗೆ ಕಡ್ಲಿ ಹಾಕಿದಂಗ. ಒಂದು ಬೆಳಿ ಹೋಗ್ತದ, ಹರಗೋ ಖರ್ಚು ಮಾತ್ರ ತಪ್ಪಂಗಿಲ್ಲ. ಹಿಂಗಾರಿ ಕೈಕೊಟ್ರ?”

“ಓದು ಮುಗಿದ ಮ್ಯಾಲ ಅಲ್ಲೇ 2 ವರ್ಷ ಇದ್ದು ಕೆಲಸ ಮಾಡ್ಲಾಕ ವೀಸಾ ಕೊಡ್ತಾರ. ಹೋದ ವರ್ಷ ಜುಲೈದಿಂದ ಶುರು ಆಗ್ಯಾದ. ಸಾಲ ರೂಪಾಯಿದಾಗ, ಪಗಾರ ಪೌಂಡಿನ್ಯಾಗ. ಸಿಗದಿದ್ರ ಹೈದರಾಬಾದಿಗೇ ಬರ್ತೀನಿ. ಸಾಲ ತೀರ್ಲಾಕ ವರ್ಷ ಹೆಚ್ಚು ಹಿಡೀತದ, ಅಷ್ಟೇ.”

ಅವಳ ಉಳಿತಾಯವೆಲ್ಲ ಸುರಿದರೂ ಇನ್ನೂ 35 ಲಕ್ಷ ಸಾಲ ಬೇಕಿತ್ತು. 7.5 ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿ ಅಡ ಕೇಳುತ್ತಾರೆ. ಹೊಲ ತೋರಿಸಿದರೆ ತಲೆ ಅಲ್ಲಾಡಿಸುತ್ತಾರೆ. ಎನ್‌ಎ, ಅಂದರೆ ಕೃಷಿಯೇತರ ಎಂದು ಪರಿವರ್ತನೆ ಆದ ಜಾಗ ಬೇಕು. ಅಂಥದ್ದು ನಮ್ಮಲ್ಲಿ ಒಂದೇ ಇತ್ತು: ನಾನು ಮನೆ ಕಟ್ಟಿಸಲೆಂದು ಅಪ್ಪ ತೆಗೆದಿಟ್ಟ ಪ್ಲಾಟು. ಆ ಮಾತು ಬಂದದ್ದೇ ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಹೆಂಡತಿಯ ಮುಖ ನೋಡಿದೆ.

ಅವಳು ಪ್ಲಾಟಿನ ಮಾತೇ ಎತ್ತಲಿಲ್ಲ. “ಅಕ್ಕಾ, ಮಗಳು ಯಾರ ಹತ್ರ ಇರ್ತಾಳ?” ಎಂದು ಕೇಳಿದಳು.

ಅಷ್ಟೊತ್ತು ಪಟಪಟ ಉತ್ತರ ಕೊಡುತ್ತಿದ್ದ ಅಕ್ಕ ಸುಮ್ಮನಾದಳು. ಮಗಳು ಎರಡನೇ ಇಯತ್ತೆ. ಹೈದರಾಬಾದಿನಲ್ಲಿದ್ದ ಭಾವನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿದೆವು. ಮುಂಜಾನೆ ಸಾಲಿಗೆ ಕಳಿಸೋದು, ರಾತ್ರಿ ಮಲಗಿಸೋದು ತನ್ನ ಪಾಲು. ಮಧ್ಯಾಹ್ನದಿಂದ ಸಂಜೆತನಕ ಮಾತ್ರ ಯಾರಾದರೂ ಬೇಕು ಎಂದರು ಭಾವ. ಆಗ, ಇಷ್ಟೂ ಹೊತ್ತು ಬೇಡ ಅನ್ನುತ್ತಿದ್ದ ಅವ್ವನೇ ಎದ್ದು ನಿಂತಳು: “ನಾ ಹೋಗ್ತೀನಿ. ಇವರಿಗಿಲ್ಲಿ ರೊಟ್ಟಿ ಬಡಿಯೋರು ಯಾರು ಕೇಳ್ರಿ.” “ಬಡೀಲಾಕ ನಾನೇ ಕಲೀತೀನಿ, ಮಗಳಿಗಿಂತ ನಂದೇನು ದೊಡ್ಡ ವಯಸ್ಸಾ?” ಎಂದ ಅಪ್ಪ. ನನ್ನ ಹೆಂಡತಿ ಮೆಲ್ಲಗೆ, “ನಮ್ಮ ಮನಿ ನಾಲ್ಕೈದು ವರ್ಷ ತಡ ಆದ್ರ ಆಗ್ಲಿ,” ಎಂದಳು. ನನಗೆ ಹೇಳಲು ಬೇರೇನೂ ಉಳಿದಿರಲಿಲ್ಲ.

ಅಕ್ಕ ಆ ಸೆಪ್ಟೆಂಬರಿನಲ್ಲಿ ಹೋದಳು. ಓದು ಮುಗಿಯುವ ಹೊತ್ತಿಗೆ, 2023ರಲ್ಲಿ, ಜಗತ್ತಿನ ದೊಡ್ಡ ದೊಡ್ಡ ಟೆಕ್ ಕಂಪನಿಗಳೇ ಸಾವಿರಗಟ್ಟಲೆ ಜನರನ್ನು ಮನೆಗೆ ಕಳಿಸುತ್ತಿದ್ದವು. ನೌಕರಿ ಸಿಗಲು ತಿಂಗಳುಗಳೇ ಹಿಡಿದವು. ಸಿಕ್ಕಿದ ಮೇಲೆ ಗಂಡ, ಮಗಳು ಅವಳ ಹತ್ತಿರ ಹೋದರು. ಕಂತು ತಪ್ಪದೆ ಬರುತ್ತದೆ. ಪ್ಲಾಟಿನ ಕಾಗದ ಮಾತ್ರ ಇನ್ನೂ ಬ್ಯಾಂಕಿನಲ್ಲೇ ಇದೆ. ಅಪ್ಪನ ರೊಟ್ಟಿ ಈಗಲೂ ದುಂಡಗಾಗುವುದಿಲ್ಲ.

ಹೀಗೆ ನಡುವಯಸ್ಸಿನಲ್ಲಿ ಹೊರಡಬೇಕೆನ್ನುವವರು, ಅಕ್ಕನ ಸುದ್ದಿ ಕೇಳಿ, ನಮ್ಮಲ್ಲಿಗೆ ಬರುತ್ತಾರೆ. ಯಾವ ಕಾಲೇಜು, ಎಷ್ಟು ಫೀ ಎಂದು ನಾನು ಕೇಳುವುದಿಲ್ಲ, ಅದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ನಾನು ಕೇಳುವುದು ಒಂದೇ: “ನೀವು ಇಲ್ಲದ ಆ ಒಂದು ವರ್ಷ ನಿಮ್ಮ ಮನ್ಯಾಗ ಯಾರ್ಯಾರು ಹೊರ್ತಾರ? ಅವರನ್ನ ಕೂಡಿಸಿ ಕೇಳೀರೇನು?”