ಜಾಂಗೀಫನ ಸಂಬಳ

1994ರ ‘ಸ್ಟ್ರೀಟ್ ಫೈಟರ್’ ಒಳ್ಳೆಯ ಸಿನಿಮಾ ಎಂದು ವಾದಿಸುವ ಧೈರ್ಯ ನನಗಿಲ್ಲ. ಜಪಾನಿನ ಕ್ಯಾಪ್ಕಾಮ್ ಕಂಪನಿಯ ವಿಡಿಯೋ ಗೇಮಿನಿಂದ ಹಿಂಡಿ ತೆಗೆದ ಕಥೆ ಅದು. ಷಡಾಲೂ ಎಂಬ ಇಲ್ಲದ ದೇಶ, ಅಲ್ಲಿ ಬೈಸನ್ ಎಂಬ ಸರ್ವಾಧಿಕಾರಿ, ಅವನನ್ನು ಬಡಿಯಲು ಬರುವ ನಾಯಕನಾಗಿ ವ್ಯಾನ್ ಡ್ಯಾಮ್. ಬೈಸನ್ ಪಾತ್ರ ಮಾಡಿದ ರಾವುಲ್ ಜೂಲಿಯಾ ಚಿತ್ರ ತೆರೆಗೆ ಬರುವ ಮೊದಲೇ ತೀರಿಕೊಂಡರು. ಕಾಯಿಲೆಯನ್ನು ಮೈಯಲ್ಲಿಟ್ಟುಕೊಂಡೇ ಅವರು ಅಬ್ಬರಿಸಿದ ರೀತಿಗೆ ಉಳಿದವರೆಲ್ಲ ಸಪ್ಪೆ. ಅವರನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ನನ್ನ ಕಣ್ಣು ಹೋಗುವುದು ಅವರ ಹಿಂದೆ ಎದೆಯುಬ್ಬಿಸಿ ನಿಂತ ದಾಂಡಿಗನ ಕಡೆಗೆ. ಅವನ ಹೆಸರು ಜಾಂಗೀಫ್.

ಗೇಮಿನಲ್ಲಿ ಇವನು ಕೆಟ್ಟವನೇ ಅಲ್ಲ. ಕರಡಿಗಳ ಜೊತೆ ಕುಸ್ತಿ ಆಡಿ ಮೈತುಂಬ ಗಾಯದ ಗುರುತು ಮಾಡಿಕೊಂಡ ರಷ್ಯಾದ ಪೈಲ್ವಾನ. ಮಿಕ್ಕವರಂತೆ ಅಂಗೈಯಿಂದ ಬೆಂಕಿ ಉಗುಳಲು ಬಾರದು. ಹತ್ತಿರ ಬರಬೇಕು, ಹಿಡಿಯಬೇಕು, ಎತ್ತಿ ಕುಕ್ಕಬೇಕು. ಆ ಪಟ್ಟು ಹಾಕಿಸಲು ಆಡುವವನು ಕೋಲನ್ನು ಪೂರಾ ಒಂದು ಸುತ್ತು ತಿರುಗಿಸಿ ಗುಂಡಿ ಒತ್ತಬೇಕು. ಅಷ್ಟರಲ್ಲಿ ಎದುರಿನವನು ನಾಲ್ಕು ಬಿಟ್ಟಿರುತ್ತಾನೆ. ಟೀವಿಗೆ ಸಿಕ್ಕಿಸಿ ಆಡುತ್ತಿದ್ದ ಗೇಮುಗಳಲ್ಲಿ ಕೋಲಿನ ಬದಲು ಗುಂಡಿ ಇದ್ದದ್ದರಿಂದ ಹೆಬ್ಬೆರಳು ಸುಲಿಯುತ್ತಿತ್ತು. ಬುದ್ಧಿವಂತ ಹುಡುಗರು ಇವನ ತಂಟೆಗೇ ಹೋಗುತ್ತಿರಲಿಲ್ಲ. (ದೂರದ ದೇಶಗಳು ನೆಲದೊಳಗೆ ಅಣುಬಾಂಬು ಸಿಡಿಸಿದರೆ ಅದರ ನಡುಕ ಹಿಡಿಯಲೆಂದು 1965ರಲ್ಲೇ ನಮ್ಮ ಗೌರಿಬಿದನೂರಿನ ಬಳಿ ಭೂಕಂಪ ಮಾಪಕಗಳನ್ನು ಹೂತಿದ್ದಾರೆ. ಜಾಂಗೀಫ್ ಮಾಸ್ಕೋದಲ್ಲಿ ಯಾರನ್ನಾದರೂ ಎತ್ತಿ ಕುಕ್ಕಿದರೆ ಮೊದಲ ಸುದ್ದಿ ನಮ್ಮೂರಿಗೇ ಬರಬೇಕು.)

ಸಿನಿಮಾದವರು ಇವನನ್ನು ಬೈಸನ್ನನ ಬಂಟನನ್ನಾಗಿ ಮಾಡಿದರು. ಬುದ್ಧಿ ಸ್ವಲ್ಪ ಕಮ್ಮಿ. ಬಾಂಬು ತುಂಬಿದ ಲಾರಿ ತಮ್ಮ ಕಡೆಗೇ ನುಗ್ಗಿ ಬರುವುದು ಟೀವಿಯಲ್ಲಿ ಕಂಡಾಗ, ಬೇಗ ಚಾನೆಲ್ ಬದಲಾಯಿಸಿ ಎಂದು ಕೂಗುವ ಆಸಾಮಿ. ಕೊನೆಗೆ ಕೋಟೆ ಕುಸಿಯುವ ಹೊತ್ತಿಗೆ ಡೀ ಜೇ ಎಂಬ ಇನ್ನೊಬ್ಬ ಬಂಟ ಓಡಿಹೋಗುತ್ತಿರುತ್ತಾನೆ. ಒಡೆಯ ಆಪತ್ತಿನಲ್ಲಿರುವಾಗ ಓಡುತ್ತೀಯಲ್ಲ ಎಂದು ಜಾಂಗೀಫನಿಗೆ ಸಿಟ್ಟು. ಕೆಟ್ಟವನು ನಮ್ಮ ಒಡೆಯನೇ ಕಣೋ ಎನ್ನುತ್ತಾನೆ ಅವನು. ಹಾಗಿದ್ದರೆ ನೀನೇಕೆ ಇಲ್ಲಿದ್ದೆ ಎಂದರೆ, ದುಡ್ಡಿಗೆ ಎಂಬ ಉತ್ತರ. ಆಗ ಜಾಂಗೀಫನ ಮುಖ ನೋಡಬೇಕು. ನಿನಗೆ ಸಂಬಳ ಬರುತ್ತಿತ್ತಾ? ಇಷ್ಟು ದಿನ ಪಾಪ ಬಿಟ್ಟಿಯಾಗಿ ದುಡಿದಿದ್ದಾನೆ! ಮುಂದೆ ಹೋಗಿ ಮುಚ್ಚಿಕೊಳ್ಳುವ ಬಾಗಿಲಿಗೆ ತೋಳು ಕೊಟ್ಟು ಸೆರೆಯಾಳುಗಳನ್ನು ಉಳಿಸುತ್ತಾನೆ. ಡೀ ಜೇ ಹೊತ್ತೊಯ್ದ ಪೆಟ್ಟಿಗೆಯಲ್ಲಿದ್ದದ್ದೋ ಬೈಸನ್ ತನ್ನ ಮುಖ ಅಚ್ಚು ಹಾಕಿಸಿದ್ದ, ಮೂರು ಕಾಸಿಗೂ ಬಾಳದ ನೋಟು.

ಈ ದೃಶ್ಯಕ್ಕೆ ಲೋಕವೆಲ್ಲ ನಗುತ್ತದೆ. ನಮ್ಮ ಸೀಮೆಯವರು ಯಾಕೆ ನಗಬೇಕೋ ನನಗೆ ತಿಳಿಯದು. ನಮ್ಮಲ್ಲಿ ಚಿಲ್ಲರೆ ವಿಲನ್ ಸಂಬಳ ಕೇಳುವುದಿರಲಿ, ತಾನೇ ಕೈಯಿಂದ ದುಡ್ಡು ಕಟ್ಟುತ್ತಾನೆ.

ಹಳ್ಳಿಯಲ್ಲಿ ‘ಕುರುಕ್ಷೇತ್ರ’ ಆಡಿಸಬೇಕೆಂದರೆ ಮೊದಲು ಆಗುವುದು ಪಾರ್ಟುಗಳ ಹಂಚಿಕೆ. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಪಕ್ಕಕ್ಕಿಟ್ಟು ಲೆಕ್ಕ ಬರೆಯುತ್ತಾರೆ. ದುರ್ಯೋಧನ, ಕೃಷ್ಣ ದುಬಾರಿ. ಪದ್ಯ ಜಾಸ್ತಿ, ಹಾರ ಜಾಸ್ತಿ. ಭೀಮ, ಕರ್ಣ ಅದರ ಕೆಳಗೆ. ದುಶ್ಶಾಸನ, ಸೈಂಧವ ಇನ್ನೂ ಕೆಳಗೆ.

“ಅಷ್ಟು ದುಡ್ಡಿಗೆ ಇಷ್ಟೇ ಪದ್ಯವಾ ಮೇಷ್ಟ್ರೇ?”

“ಸೀರೆ ಎಳೆಯೋ ಸೀನು ಪೂರ್ತಿ ನಿಂದೇ ಐತಲ್ಲಪ್ಪ, ಇನ್ನೇನು ಬೇಕು?”

ದ್ರೌಪದಿ ಮಾತ್ರ ದುಡ್ಡು ಕಟ್ಟುವವಳಲ್ಲ, ಎಣಿಸಿಕೊಳ್ಳುವವಳು. ಹೆಣ್ಣು ಪಾರ್ಟಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ; ಬಾಕಿ ಕೈಗೆ ಬಿದ್ದ ಮೇಲೇ ಆಕೆ ಮುಖಕ್ಕೆ ಬಣ್ಣ ಹಚ್ಚುವುದು. ಒಂದರ ತುದಿಗೊಂದು ಗಂಟು ಹಾಕಿದ ಸೀರೆಗಳನ್ನು ಸುತ್ತಿಕೊಂಡು ಬಂದು ನಿಲ್ಲುತ್ತಾಳೆ. ದುಶ್ಶಾಸನ ಕೂದಲು ಕೆದರಿಕೊಂಡು, ತೊಡೆ ತಟ್ಟಿ, ವರ್ಷವಿಡೀ ರೇಷ್ಮೆ, ಜೋಳ, ಸಾಲ ಎಂದು ಅನುಭವಿಸಿದ್ದನ್ನೆಲ್ಲ ಆ ಸೆರಗಿನ ಮೇಲೆ ತೀರಿಸಿಕೊಳ್ಳುವಂತೆ ಜಗ್ಗುತ್ತಾನೆ. ಕೃಷ್ಣಾ ಎಂದು ಕೂಗುವ ನಡುವೆಯೇ ಆಕೆ ಮೈಕಿಗೆ ಕೇಳದಂತೆ, “ನಿಧಾನ ಎಳೀರಣ್ಣ, ಬಾಡಿಗೆ ಸೀರೆ” ಎನ್ನುತ್ತಾಳೆ. ಅವನು ತಕ್ಷಣ ಕೈ ಸಡಿಲಿಸುತ್ತಾನೆ. ಸೀರೆ ಹರಿದರೆ ಅದರ ದುಡ್ಡೂ ಅವನ ಲೆಕ್ಕಕ್ಕೇ ಬೀಳುವುದು. ಬೆಳಗಿನ ಜಾವ ಭೀಮ ಅವನ ಎದೆ ಬಗೆದು ಕುಂಕುಮದ ನೀರು ಬಳಿದುಕೊಳ್ಳುವಾಗ, ಮುಂದಿನ ಸಾಲಿನಲ್ಲಿ ಹೆಂಡತಿ ಮಕ್ಕಳು ನೋಡುತ್ತಿರುತ್ತಾರೆ. ಭಾವಮೈದ ಎದ್ದುಬಂದು ಸತ್ತವನನ್ನು ಎಬ್ಬಿಸಿ ನೋಟಿನ ಹಾರ ಹಾಕುತ್ತಾನೆ. ದುಶ್ಶಾಸನ ಕೈಮುಗಿದು ಮತ್ತೆ ಸಾಯುತ್ತಾನೆ.

ಕನ್ನಡ ಸಿನಿಮಾದಲ್ಲೂ ಹಿಂಬದಿಯಲ್ಲಿ ನಿಂತವರ ಕಥೆಗಳು ಬೇಕಾದಷ್ಟಿವೆ. ಹೊಡೆದಾಟದವರ ಗುಂಪಿನಿಂದ ಬಂದ ಪ್ರಭಾಕರ್ ‘ಟೈಗರ್’ ಆಗಿ ನಾಯಕರೂ ಆದರು. ಮೈಸೂರಿನ ಪೈಲ್ವಾನ ಎಂ.ಪಿ. ಶಂಕರ್ ಪರದೆಯ ಮೇಲೆ ಎಷ್ಟೋ ಸಲ ಒದೆ ತಿಂದು, ಕೊನೆಗೆ 1973ರಲ್ಲಿ ‘ಗಂಧದ ಗುಡಿ’ಗೆ ತಾವೇ ಬಂಡವಾಳ ಹಾಕಿದರು. ಜಾಂಗೀಫನಿಗೆ ಯಾರಾದರೂ ಈ ಸುದ್ದಿ ಹೇಳಬೇಕಿತ್ತು.

ಆದರೆ ಅವನ ಮುಖದ ಆ ಗೊಂದಲ ನನಗೆ ನೆನಪಿಸುವುದು ಬೇರೆಯವರನ್ನು. ಹಿಂದೂಪುರದ ದಾರಿಯಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥವಿದೆ. ಹೊರಗಿನವರಿಗೆ ಅದು ಸ್ವಾತಂತ್ರ್ಯ ಹೋರಾಟದ ಕಾಲದ, 1938ರ ಏಪ್ರಿಲ್ 25ರ ಗೋಲಿಬಾರಿನ ಊರು. ನಮ್ಮ ಅಜ್ಜಿಯರಿಗೆ ಅದರ ಜೊತೆಗೆ ವಿದುರ ಅಶ್ವತ್ಥ ನೆಟ್ಟ ಜಾಗ. ಕೌರವನ ಆಸ್ಥಾನದಲ್ಲಿ ಉಪ್ಪು ತಿಂದೂ, ಸಾಕಪ್ಪಾ ಎಂದು ಬಿಲ್ಲು ಮುರಿದು ಹೊರಬಂದವನು ಅವನು. ಅಂಥವನಿಗೆ ಗುಡಿ, ಮರ, ಜಾತ್ರೆ ಎಲ್ಲ ಸಿಕ್ಕವು. ಅದೇ ಸಭೆಯಲ್ಲಿ ವಿಕರ್ಣನೂ ಇದ್ದ, ದುರ್ಯೋಧನನ ಸ್ವಂತ ತಮ್ಮ. ದ್ರೌಪದಿಗೆ ಮಾಡುತ್ತಿರುವುದು ಅನ್ಯಾಯ ಎಂದು ಎದ್ದು ನಿಂತು ಹೇಳಿದ. ಹೇಳಿ, ಕೌರವರ ಕಡೆಯೇ ಉಳಿದು, ಯುದ್ಧದಲ್ಲಿ ಭೀಮನ ಕೈಯಲ್ಲಿ ಸತ್ತ. ಅವನಿಗೆ ಮುಚ್ಚಿಕೊಳ್ಳುವ ಬಾಗಿಲು ಹಿಡಿಯುವ ಅವಕಾಶವೂ ಸಿಗಲಿಲ್ಲ. ನಾನು ನೋಡಿದ ಯಾವ ‘ಕುರುಕ್ಷೇತ್ರ’ದಲ್ಲೂ ಅವನ ಪಾರ್ಟೇ ಇಲ್ಲ.

ಒಮ್ಮೆ ಮೇಷ್ಟ್ರನ್ನು ಕೇಳಿದೆ, ವಿಕರ್ಣನನ್ನೂ ತರಬಹುದಲ್ಲ ಎಂದು.

“ತರಬೋದು. ದುಡ್ಡು ಯಾರು ಕಟ್ತಾರೆ, ನೀವು ಕಟ್ತೀರಾ?”

“ಎಷ್ಟಾಗುತ್ತೆ?”

ಮೇಷ್ಟ್ರು ಯೋಚಿಸಿದರು. ಪದ್ಯ ಇಲ್ಲ, ಫೈಟಿಂಗ್ ಇಲ್ಲ, ಒಂದೇ ಡೈಲಾಗು. ಪಾರ್ಟಿಗೆ ಏನೂ ಬೇಡ ಬಿಡಿ ಎಂದರು. ಆದರೆ ಕಿರೀಟ, ಗದೆ, ಮೀಸೆಯ ಬಾಡಿಗೆ ಮಾತ್ರ ದುರ್ಯೋಧನನದಾದರೂ ಅಷ್ಟೇ, ವಿಕರ್ಣನದಾದರೂ ಅಷ್ಟೇ, ಅದರಲ್ಲಿ ಚೌಕಾಸಿ ಇಲ್ಲ.